ಎಣ್ಣೆ ಸೋರಿಕೆ ಹಿಡಿಯಲು ರಟ್ಟು, ಪೌಡರ್, ನೀಲಿ ಟಾರ್ಚ್: ಮೂರನ್ನೂ ಮಾಡಿ ನೋಡಿದೆ

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದ ಅಮ್ಮ ಕೂಗಿ ಕರೆದರು. ಕಾರು ನಿಲ್ಲಿಸುವ ಜಾಗದಲ್ಲಿ, ಶಹಾಬಾದ್ ಕಲ್ಲಿನ ಮೇಲೆ ಮೂರು ಕಪ್ಪು ಕಲೆ. "ನೋಡಪ್ಪಾ, ನಿನ್ ಕಾರು ಕಲ್ಲೆಲ್ಲಾ ಹಾಳ್ ಮಾಡೈತಿ" ಅಂದರು. ಬೆರಳಿಂದ ಮುಟ್ಟಿ ನೋಡಿದೆ. ಎಂಜಿನ್ ಆಯಿಲ್ಲೇ.

ನಮ್ಮದು ಹನ್ನೊಂದು ವರ್ಷದ ಚಿಕ್ಕ ಪೆಟ್ರೋಲ್ ಕಾರು. ಹತ್ತಿರದ ಗ್ಯಾರೇಜಿಗೆ ಒಯ್ದೆ. ಹುಡುಗ ಕೆಳಗೆ ನುಗ್ಗಿ ಎರಡೇ ನಿಮಿಷದಲ್ಲಿ ಹೊರಗೆ ಬಂದ. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದಿಂದ ಹನಿ ಬೀಳುತ್ತಿದೆ, ಅಲ್ಲಿ ಎಣ್ಣೆ ತಡೆಯುವ ರಬ್ಬರ್ ಬಳೆ, ಅಂದರೆ ರಿಯರ್ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು, ಒಂಬತ್ತು ಸಾವಿರ ಆಗುತ್ತದೆ ಅಂದ. ಹೇಗೂ ಇಳಿಸ್ತೀವಲ್ಲ ಸರ್, ಕ್ಲಚ್ ಪ್ಲೇಟೂ ಹಾಕಿಸಿಬಿಡಿ ಅಂತ ಬೇರೆ. ಆ ಸೀಲ್ ಬೆಲೆ ಕೆಲವು ನೂರು ರೂಪಾಯಿ ಅಷ್ಟೇ. ಮಿಕ್ಕಿದ್ದೆಲ್ಲ ಇಳಿಸಿ ಏರಿಸುವ ಕೂಲಿ.

ಯೋಚನೆ ಮಾಡಿ ಹೇಳ್ತೀನಿ ಅಂತ ಮನೆಗೆ ಬಂದೆ. ನನಗೆ ಒಂದು ಅನುಮಾನ ಇತ್ತು. ಸಿಗ್ನಲ್‌ನಲ್ಲಿ ನಿಂತಾಗ ಬಾನೆಟ್ ಕಡೆಯಿಂದ ಎಣ್ಣೆ ಸುಟ್ಟ ವಾಸನೆ ಬರುತ್ತಿತ್ತು. ರಿಯರ್ ಸೀಲ್ ಇರುವುದು ಕೆಳಗೆ, ಗೇರ್‌ಬಾಕ್ಸ್ ಗೂಡಿನೊಳಗೆ. ಅಲ್ಲಿಂದ ಸೋರುವ ಎಣ್ಣೆ ಮೇಲಿರುವ ಬಿಸಿ ಎಕ್ಸಾಸ್ಟ್ ಮೇಲೆ ಹೇಗೆ ಬೀಳುತ್ತೆ ಅಲ್ವಾ?

ಮೊದಲು ರಟ್ಟು. ಟಿವಿ ಬಂದಿದ್ದ ದೊಡ್ಡ ಡಬ್ಬ ಬಿಚ್ಚಿ ರಾತ್ರಿ ಕಾರಿನ ಕೆಳಗೆ ಹಾಸಿದೆ. ಮುಂದಿನ ಚಕ್ರ ಎಲ್ಲಿದೆ ಅಂತ ಪೆನ್ನಿಂದ ಗೆರೆ ಎಳೆದೆ. ಖರ್ಚು ಸೊನ್ನೆ. ಸೋರುವುದು ಏನು, ಎಷ್ಟು ಅನ್ನುವುದನ್ನು ರಟ್ಟು ಚೆನ್ನಾಗಿ ಹೇಳುತ್ತದೆ. ಕಂದು ಅಥವಾ ಕಪ್ಪು ಅಂದರೆ ಎಂಜಿನ್ ಆಯಿಲ್. ಹಸಿರೋ ಗುಲಾಬಿಯೋ ಇದ್ದು ನೀರಿನ ಹಾಗಿದ್ದರೆ ಕೂಲೆಂಟ್. ಬಣ್ಣವೇ ಇಲ್ಲದ ಬರೀ ನೀರು ಏಸಿಯದು, ಅದಕ್ಕೆ ಹೆದರಬೇಕಿಲ್ಲ. ಮೂರು ರಾತ್ರಿ ಹಾಸಿದೆ. ದಿನಾ ನಾಲ್ಕೈದು ಹನಿ, ಎಲ್ಲ ಕಪ್ಪು.

ಆದರೆ ಎಲ್ಲಿಂದ ಅನ್ನುವುದನ್ನು ರಟ್ಟು ಹೇಳುವುದಿಲ್ಲ. ಹೇಳಿದ ಹಾಗೆ ಮಾಡಿ ದಾರಿ ತಪ್ಪಿಸುತ್ತದೆ. ಎಣ್ಣೆ ಎಂಜಿನ್ ಮೈಮೇಲೆ ಇಳಿಯುತ್ತಾ ಬಂದು, ಎಲ್ಲಿ ಮೂಲೆ ಸಿಕ್ಕಿತೋ ಅಲ್ಲಿ ಹನಿಯಾಗುತ್ತದೆ. ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಜೊತೆಗೆ ಎಣ್ಣೆ ಜಾಸ್ತಿ ಸೋರುವುದು ಎಂಜಿನ್ ಬಿಸಿಯಾಗಿ ಎಣ್ಣೆ ತೆಳ್ಳಗಾದಾಗ, ಪಂಪಿನ ಒತ್ತಡ ಇರುವಾಗ. ರಾತ್ರಿ ಬೀಳುವುದು ಉಳಿದ ಚೂರುಪಾರು. ಗ್ಯಾರೇಜ್ ಹುಡುಗ ಮಾಡಿದ್ದೂ ಇದನ್ನೇ, ರಟ್ಟು ಇಲ್ಲದೆ ಮಾಡಿದ ಅಷ್ಟೇ.

ಪೌಡರ್ರೋ, ಎಣ್ಣೆಗೆ ಬೆರೆಸಿ ನೀಲಿ (ಯುವಿ) ಟಾರ್ಚ್ ಬೆಳಕಲ್ಲಿ ಹೊಳೆಯುವುದನ್ನು ನೋಡುವ ಡೈಯೋ ಯಾವುದೇ ಇರಲಿ, ಮೊದಲು ಎಂಜಿನ್ ತೊಳೆಯಲೇಬೇಕು. ಬಳ್ಳಾರಿಯಲ್ಲಂತೂ ಇದು ಬಿಟ್ಟರೆ ಬೇರೆ ದಾರಿ ಇಲ್ಲ. ತೋರಣಗಲ್ಲು ಕಡೆ ಅದಿರಿನ ಲಾರಿಗಳ ಹಿಂದೆ ಹತ್ತು ಸಲ ಹೋಗಿ ಬಂದ ಕಾರಿನ ಹೊಟ್ಟೆ ನೋಡಿ. ಎಲ್ಲೆಲ್ಲಿ ಎಣ್ಣೆ ಜಿನುಗಿದೆಯೋ ಅಲ್ಲೆಲ್ಲ ಕೆಂಪು ಧೂಳು ಅಂಟಿ ಬೆರಳು ದಪ್ಪದ ಹೆಂಟೆ ಕಟ್ಟಿರುತ್ತದೆ. ಅದರಲ್ಲಿ ಹೋದ ವರ್ಷದ ಸೋರಿಕೆ ಯಾವುದು, ನಿನ್ನೆಯದು ಯಾವುದು ಯಾರಿಗೂ ಗೊತ್ತಾಗುವುದಿಲ್ಲ.

ವಾಟರ್ ಸರ್ವಿಸ್‌ನವರು ಡೀಸೆಲ್ ಹೊಡೆದು ತೊಳೆಯುತ್ತೇವೆ ಅಂದರು. ಬೇಡ ಅಂದೆ. ಡೀಸೆಲ್‌ಗೆ ರಬ್ಬರ್ ಮೆತ್ತಗಾಗುತ್ತದೆ, ಬಿಸಿ ಎಂಜಿನ್ ಮೇಲಾದರೆ ಬೆಂಕಿಯ ಭಯ ಬೇರೆ. ಜೋರು ನೀರು ಇಗ್ನಿಷನ್ ಕಾಯಿಲ್‌ಗೋ ಆಲ್ಟರ್ನೇಟರ್‌ಗೋ ಹೋದರೆ ಹೊಸ ತಲೆನೋವು. ಡಿಗ್ರೀಸರ್ ಡಬ್ಬ ತಂದೆ, 320 ರೂಪಾಯಿ. ಆಲ್ಟರ್ನೇಟರ್, ಏರ್ ಫಿಲ್ಟರ್ ಬಾಯಿ, ಕನೆಕ್ಟರ್‌ಗಳಿಗೆ ಪ್ಲಾಸ್ಟಿಕ್ ಕವರ್ ಸುತ್ತಿದೆ. ತಣ್ಣಗಿದ್ದ ಎಂಜಿನ್‌ಗೆ ಹೊಡೆದು, ಹಳೇ ಬ್ರಷ್‌ನಲ್ಲಿ ಉಜ್ಜಿ, ಮಗ್ಗಿನಲ್ಲಿ ನೀರು ಹಾಕಿದೆ. ಒಂದು ಭಾನುವಾರ ಪೂರ್ತಿ ಹೋಯಿತು. ನಮ್ಮ ಬೋರ್ ನೀರು ಗಡಸು. ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತದೆ, ಪೌಡರ್ ಹಾಕಿದಾಗ ಅದೇ ಗೊಂದಲ. ಹಾಗಾಗಿ ಒಣ ಬಟ್ಟೆಯಿಂದ ಒರೆಸಿದೆ.

ಮರುದಿನ ಪೌಡರ್. ಕಿರಾಣಿ ಅಂಗಡಿಯ 40 ರೂಪಾಯಿಯ ಟಾಲ್ಕಂ ಪೌಡರ್. ಸುಮ್ನೆ ಚೆಲ್ಲಿದರೆ ನಿಲ್ಲುವುದಿಲ್ಲ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಮಗುವಿನ ಮೈಗೆ ತಟ್ಟುವ ಹಾಗೆ ತಟ್ಟಿದೆ. ಎಂಜಿನ್ ಒಣಗಿ ತಣ್ಣಗಿರಬೇಕು. ಬೆಲ್ಟಿಗೂ ಏರ್ ಫಿಲ್ಟರ್ ಬಾಯಿಗೂ ಪೌಡರ್ ಹೋಗಬಾರದು. ಚೇಂಬರ್ (ಎಂಜಿನ್ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿ) ಅಂಚು, ಹಳೇ ಎಣ್ಣೆ ಇಳಿಸುವ ಡ್ರೈನ್ ಬೋಲ್ಟ್, ಆಯಿಲ್ ಫಿಲ್ಟರ್ ಸುತ್ತ, ಆ ಗೇರ್‌ಬಾಕ್ಸ್ ಕೂಡು, ಎಲ್ಲ ಬೆಳ್ಳಗಾಯಿತು. ತೋರಣಗಲ್ಲಿನವರೆಗೆ ಹೋಗಿ ವಾಪಸ್ ಬಂದೆ. ಎರಡು ಇಟ್ಟಿಗೆ ಸಾಲಿನ ಮೇಲೆ ಮುಂದಿನ ಚಕ್ರ ಹತ್ತಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಕೆಳಗೆ ನುಗ್ಗಿದೆ. ಜಾಕ್ ಒಂದನ್ನೇ ನಂಬಿ ಮಾತ್ರ ಕಾರಿನ ಕೆಳಗೆ ಮಲಗಬೇಡಿ.

ಒಂದು ನೋಟಕ್ಕೆ ಎರಡು ವಿಷಯ ಗೊತ್ತಾದವು. ಡ್ರೈನ್ ಬೋಲ್ಟ್ ಸುತ್ತ ಕುಂಕುಮದ ಬೊಟ್ಟಿನಷ್ಟು ಕಪ್ಪು ಉಂಗುರ. ಅಲ್ಲೊಂದು ಸಣ್ಣ ಸೋರಿಕೆ. ಗೇರ್‌ಬಾಕ್ಸ್ ಕೂಡಿನಲ್ಲಿ ಪೌಡರ್ ಒದ್ದೆಯಾಗಿತ್ತು, ಆದರೆ ಹೊರಮೈಯಲ್ಲಿ, ಮೇಲಿನಿಂದ ಕೆಳಕ್ಕೆ ಒಂದೇ ಗೆರೆ. ರಿಯರ್ ಸೀಲ್ ಸೋರಿದ್ದರೆ ಎಣ್ಣೆ ಗೂಡಿನೊಳಗೆ ಇಳಿದು ತಳದ ಸಂದಿಯಿಂದ ಬರಬೇಕಿತ್ತು. ತಳ ಒಣಗಿಕೊಂಡು ಬೆಳ್ಳಗೇ ಇತ್ತು. ನಲವತ್ತು ರೂಪಾಯಿ ಪೌಡರ್ ಒಂಬತ್ತು ಸಾವಿರದ ಕೆಲಸ ನಿಲ್ಲಿಸಿತು.

ಪೌಡರ್‌ಗೆ ಎರಡು ಕೊರತೆ. ಕೈ, ಕಣ್ಣು ಎರಡೂ ಹೋಗುವ ಕಡೆ ಮಾತ್ರ ಕೆಲಸ. ನಮ್ಮ ಕಾರಿನಲ್ಲಿ ಎಂಜಿನ್ ಹಿಂಭಾಗಕ್ಕೂ ಅದರ ಹಿಂದಿನ ತಗಡಿನ ಗೋಡೆಗೂ ನಡುವೆ ಕೈ ತೂರುವುದೇ ಕಷ್ಟ. ಗೆರೆ ಬಂದದ್ದು ಅಲ್ಲಿಂದಲೇ. ಇನ್ನೊಂದು, ಹಾಕಿದ ದಿನವೇ ನೋಡಬೇಕು. ಎರಡು ದಿನ ಬಿಟ್ಟರೆ ನಮ್ಮೂರ ಧೂಳು ಕೂತು ಬಿಳಿ ಪೌಡರ್ ತಾನಾಗೇ ಕೆಂಪಾಗುತ್ತದೆ.

ಅದಕ್ಕೇ ಡೈ ತರಿಸಿದೆ. ಚಿಕ್ಕ ಬಾಟಲಿ 450, ಯುವಿ ಟಾರ್ಚ್ 380. ಎಂಜಿನ್ ಆಯಿಲ್‌ಗೆ ಅಂತ ಬರೆದಿರುವ, ಎಣ್ಣೆಯಲ್ಲಿ ಕರಗುವ ಡೈಯನ್ನೇ ತಗೊಳ್ಳಿ. ಕೂಲೆಂಟ್‌ಗೆ ಹಾಕುವುದು ಬೇರೆ. ಆಯಿಲ್ ಹಾಕುವ ಬಾಯಿಗೆ ಕೊಳವೆ ಇಟ್ಟು ಸುರಿದೆ. ಆದರೂ ಒಂದು ಹನಿ ಹೊರಗೆ ಬಿತ್ತು. ಸರಿಯಾಗಿ ಒರೆಸದಿದ್ದರೆ ಅದೇ ಆಮೇಲೆ ಸೋರಿಕೆಯ ಹಾಗೆ ಹೊಳೆಯುತ್ತದೆ. ಎರಡು ದಿನ ಮಾಮೂಲಿಯಾಗಿ ಓಡಿಸಿದೆ, ಒಂದು ಸಲ ಹೊಸಪೇಟೆಗೂ ಹೋಗಿ ಬಂದೆ.

ಬಿಸಿಲಲ್ಲಿ ಈ ಟಾರ್ಚ್‌ನಿಂದ ಏನೂ ಕಾಣುವುದಿಲ್ಲ. ರಾತ್ರಿ ಒಂಬತ್ತರ ಮೇಲೆ ಬಾನೆಟ್ ಎತ್ತಿದೆ. ಬೀದಿ ದೀಪ ಅಡ್ಡ ಬರುತ್ತಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ಬೇಸಿಗೆಯಲ್ಲಿ ಕರೆಂಟ್ ಹೋಗಿದ್ದಕ್ಕೆ ಖುಷಿಪಟ್ಟದ್ದು ಅದೇ ಮೊದಲು. ನನ್ನ ಬಿಳಿ ಬನಿಯನ್ ನೀಲಿಯಾಗಿ ಹೊಳೆಯಿತು, ಅದು ಸೋಪಿನ ಪುಡಿಯ ಮಹಿಮೆ. ಕಾಂಪೌಂಡ್ ಗೋಡೆ ಮೇಲೆ ಒಂದು ಚೇಳು ಹಸಿರಾಗಿ ಹೊಳೆಯಿತು. ಚೇಳುಗಳು ಈ ಬೆಳಕಿನಲ್ಲಿ ಹಾಗೇ ಕಾಣುತ್ತವೆ ಅಂತ ಓದಿದ್ದೆ, ಆದರೂ ಎದೆ ಧಸಕ್ ಅಂದಿತು. ಚಪ್ಪಲಿ ಹಾಕಿಕೊಂಡು ಬಂದು ಮುಂದುವರಿಸಿದೆ.

ಎಂಜಿನ್ ಹಿಂಬದಿಗೆ ಬೆಳಕು ಬಿಟ್ಟಾಗ ಹಳದಿ ಹಸಿರಿನ ಗೆರೆ ಎದ್ದು ಕಂಡಿತು. ಗಲ್ಲ ನೋಡಿಕೊಳ್ಳುವ ಚಿಕ್ಕ ಕನ್ನಡಿ ತೂರಿಸಿ ಗೆರೆಯ ಜೊತೆ ಮೇಲಕ್ಕೆ ಹೋದೆ. ಎಂಜಿನ್ ತಲೆ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್‌ನ ಹಿಂದಿನ ಎಡ ಮೂಲೆ. ಅಲ್ಲಿಂದ ಮೇಲೆ ಎಲ್ಲ ಕತ್ತಲೆ. ಅಲ್ಲಿ ಹುಟ್ಟಿ, ಒಂದಿಷ್ಟು ಎಕ್ಸಾಸ್ಟ್ ಮೇಲೆ ಬಿದ್ದು ವಾಸನೆ ಎಬ್ಬಿಸಿ, ಮಿಕ್ಕಿದ್ದು ಬ್ಲಾಕ್ ಬೆನ್ನ ಮೇಲೆ ಇಳಿದು ಗೇರ್‌ಬಾಕ್ಸ್ ಕೂಡಿನಲ್ಲಿ ಹನಿಯುತ್ತಿತ್ತು. ಧೂಳು ಕೂತಿದ್ದರೂ ಡೈ ಕಂಡಿತು. ಪೌಡರ್‌ಗಿಂತ ಇದು ಗೆದ್ದದ್ದು ಅಲ್ಲಿ.

ಒಂದನ್ನೇ ಮಾಡುತ್ತೇನೆ ಅನ್ನುವವರಿಗೆ ನಾನು ಹೇಳುವುದು ತೊಳೆದು ಪೌಡರ್ ಹಾಕಿ ಅಂತ. ಚೇಂಬರ್, ಫಿಲ್ಟರ್, ಡ್ರೈನ್ ಬೋಲ್ಟ್ ಕಡೆಯ ಸೋರಿಕೆ ಅದರಲ್ಲೇ ಸಿಗುತ್ತದೆ. ಗೆರೆ ಕಣ್ಣಿಗೆ ಕಾಣದ ಕಡೆ ಹೋದರೆ ಮಾತ್ರ ಡೈಗೆ ದುಡ್ಡು ಹಾಕಿ. ಲೀಕ್ ನಿಲ್ಲಿಸುವ ಬಾಟಲಿ ಅಂತ ಸಿಗುತ್ತದೆ, ಹಳೇ ರಬ್ಬರ್ ಉಬ್ಬುವ ಹಾಗೆ ಮಾಡುತ್ತದೆ. ಎಲ್ಲಿಂದ ಅಂತ ಗೊತ್ತಾಗುವ ಮೊದಲೇ ಅದನ್ನು ಸುರಿಯಲು ನನಗೆ ಮನಸ್ಸಾಗಲಿಲ್ಲ.

ರಿಪೇರಿಗೆ ಕೌಲ್ ಬಜಾರಿನ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಚಾಚಾ ಅಂತಲೇ ಎಲ್ಲರೂ ಕರೆಯುವುದು. ನಾನು ಡೈ, ಟಾರ್ಚ್ ಅಂತೆಲ್ಲ ಹೇಳುವಷ್ಟರಲ್ಲಿ ಅವರು ಕವರ್ ಹಿಂದೆ ಬೆರಳು ತೂರಿಸಿ ತೆಗೆದು, ಒದ್ದೆ ಬೆರಳು ತೋರಿಸಿದರು. "ಇಷ್ಟಕ್ಕೆ ಟಾರ್ಚ್ ಯಾಕ್ರೀ?" ಅಂದರು. ಮಾತಾಡಲು ನನ್ನ ಹತ್ತಿರ ಏನೂ ಉಳಿಯಲಿಲ್ಲ. ಮೊದಲ ದಿನವೇ ಅವರ ಹತ್ತಿರ ಹೋಗಿದ್ದರೆ ಈ ಹೋಲಿಕೆಯೇ ಇರುತ್ತಿರಲಿಲ್ಲ.

ಟ್ಯಾಪೆಟ್ ಕವರ್ ಕೆಳಗಿನ ಪ್ಯಾಕಿಂಗ್ ತೆಗೆದಾಗ ಅದರ ರಬ್ಬರ್ ಬಗ್ಗಿಸಿದರೆ ಕಡ್ಡಿ ಹಾಗೆ ಮುರಿಯಿತು. ಬಿಸಿಗೆ ಗಟ್ಟಿಯಾಗಿ ಹೋಗಿತ್ತು. ಚಾಚಾ ಪಿಸಿವಿ ವಾಲ್ವ್ ಕೂಡ ಬಿಚ್ಚಿ ಅಲ್ಲಾಡಿಸಿದರು. ಟಕ್ ಟಕ್ ಅನ್ನಬೇಕಿತ್ತು, ಸದ್ದೇ ಇಲ್ಲ. ಅದು ಕಟ್ಟಿಕೊಂಡರೆ ಎಂಜಿನ್ ಒಳಗಿನ ಗಾಳಿಗೆ ದಾರಿ ಇಲ್ಲದೆ, ಒತ್ತಡ ಹೆಚ್ಚಿ ಎಣ್ಣೆಯನ್ನು ಸಂದಿಗಳಿಂದ ಹೊರಗೆ ನೂಕುತ್ತದೆ. ಅದನ್ನೂ ಹೊಸದು ಹಾಕಿದರು. ಡ್ರೈನ್ ಬೋಲ್ಟ್‌ಗೆ ಹೊಸ ವಾಷರ್, ಜೊತೆಗೆ ಆಯಿಲ್ ಬದಲಾವಣೆ. ಆಯಿಲ್ ಬಿಟ್ಟು ಬಿಲ್ 1,350. ಕವರ್ ಬೋಲ್ಟ್ ಜಾಸ್ತಿ ಬಿಗಿದರೆ ಹೊಸ ಪ್ಯಾಕಿಂಗೂ ಹಿಂಡಿ ಸೋರುತ್ತದೆ ಅಂತ, ನಡುವಿನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಬಿಗಿದರು.

ಆಮೇಲೆ ಒಂದು ವಾರ ಮತ್ತೆ ರಟ್ಟು ಹಾಸಿದೆ. ಒಂದೂ ಹನಿ ಇಲ್ಲ. ಟಾರ್ಚ್ ಈಗ ಪಕ್ಕದ ಮನೆ ಅಣ್ಣನ ಹತ್ತಿರ ಇದೆ. ಅವರದು ಡೀಸೆಲ್ ಗಾಡಿ. ಮಸಿ ಹಿಡಿದ ಆಯಿಲ್‌ನಲ್ಲಿ ಡೈ ಮಂಕಾಗಿ ಕಾಣುತ್ತದೆ, ಆಯಿಲ್ ಬದಲಿಸಿದ ಮೇಲೆ ಹಾಕಿ ಅಂತ ಹೇಳಿ ಕೊಟ್ಟಿದ್ದೇನೆ. ಚೇಳಿನ ವಿಷಯವನ್ನೂ ಹೇಳಿದ್ದೇನೆ.