ಬಿದ್ರಿಯ ಕಪ್ಪು ಮತ್ತು ಪ್ರೂಫಿನ ಬಿಲ್ಲು

ಹೈದರಾಬಾದಿನ ಒಂದು ಪ್ರೆಸ್‌ನಲ್ಲಿ ಕೆಲವು ವರ್ಷಗಳಿಂದ ಫೋಟೋಬುಕ್ ಮಾಡಿಸುತ್ತಿದ್ದೇನೆ. ಬೀದರಿನವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ ಅಲ್ವಾ. ಬೈಂಡಿಂಗ್, ಪ್ಯಾಕಿಂಗ್ ಬಗ್ಗೆ ತಕರಾರಿಲ್ಲ. ನನ್ನ ಜಗಳ ಕಪ್ಪಿನದು.

ನಾನು ತೆಗೆಯುವುದು ಬಿದ್ರಿ ಸಾಮಾನಿನ ಫೋಟೋ, ಅಂದರೆ ಸತುವಿನ ಲೋಹದಲ್ಲಿ ಬೆಳ್ಳಿ ಕೂರಿಸಿದ ಬೀದರಿನ ಕುಸುರಿ ಸಾಮಾನಿನದು. ಬೀದರ್ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಸೇರಿಸಿ ಉಜ್ಜಿದರೆ ಸತುವಿನ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ಬರೀ ಕಪ್ಪು ಶಾಯಿಯಿಂದ ಬರಲ್ಲ, ಬೂದು ಬಣ್ಣವಾಗಿ ಕಾಣುತ್ತದೆ. ಸಯಾನ್, ಮೆಜೆಂಟಾ, ಹಳದಿಯನ್ನೂ ಬೆರೆಸಬೇಕು. ಲೇಪನವಿರುವ ನುಣುಪಾದ ಆರ್ಟ್ ಪೇಪರಿನಲ್ಲೂ ನಾಲ್ಕೂ ಶಾಯಿಯ ಪ್ರಮಾಣ (ಒಂದೊಂದು ಹೆಚ್ಚೆಂದರೆ 100) ಕೂಡಿ ಸುಮಾರು 300 ಪರ್ಸೆಂಟ್ ದಾಟಿದರೆ ಶಾಯಿ ಬೇಗ ಒಣಗಲ್ಲ, ಕುಸುರಿಯ ಗೆರೆಗಳೂ ತುಂಬಿಕೊಳ್ಳುತ್ತವೆ.

ಹಾಗಾಗಿ ಪ್ರೂಫ್, ಅಂದರೆ ಅಚ್ಚಿಗೆ ಮೊದಲು ನೋಡಿ ಒಪ್ಪಲು ಕಳಿಸುವ ಮಾದರಿ, ಬಂದ ದಿನ ನನಗೆ ಹಬ್ಬ. ಬೆಳಿಗ್ಗೆ ಚಹಾ ಮುಗಿಸಿ, ಕೈ ತೊಳೆದು, ಪಡಸಾಲೆಯಲ್ಲಿ ನೇರ ಬಿಸಿಲು ಬೀಳದ ಕಡೆ ಕೂರುತ್ತೇನೆ. ಪ್ರೂಫ್ ನೋಡಲು ಹಗಲಿನಂಥ ಬಿಳಿ ಬೆಳಕಿನ 5000 ಕೆಲ್ವಿನ್ ದೀಪ ಬೇಕು ಅಂತಾರೆ, ನನ್ನ ಬಜೆಟ್‌ನಲ್ಲಿ ಅದಕ್ಕೆ ಜಾಗವಿಲ್ಲ. ಫೋಟೋದಲ್ಲಿರುವ ಹೂಜಿಯನ್ನೇ ಪಕ್ಕಕ್ಕಿಟ್ಟು ಒಂದೊಂದು ಬಳ್ಳಿಯನ್ನೂ ಹೋಲಿಸಿ ನೋಡುತ್ತೇನೆ. ಬೀದರಿನ ಗವಾನ್ ಮದರಸಾದ ಗೋಡೆಯ ಹೆಂಚಿನ ನೀಲಿ ಮಾತ್ರ ಸ್ಕ್ರೀನಿನಲ್ಲಿ ಕಂಡಷ್ಟು ಹೊಳಪಾಗಿ ಕಾಗದಕ್ಕೆ ಇಳಿಯಲ್ಲ. ಅದನ್ನು ಒಪ್ಪಿಕೊಂಡಿದ್ದೇನೆ.

ಪ್ರೂಫಿಗೆ ಬೇರೆ ದುಡ್ಡು. ಆದರೂ ಕೊಡಲು ಬೇಜಾರಿರಲಿಲ್ಲ, ಕಳೆದ ಪುಸ್ತಕದವರೆಗೆ. ಆಗ ಆಫ್‌ಸೆಟ್‌ಗೆ ಹೋದೆ, ಅದರಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಅಚ್ಚಿನ ಪ್ಲೇಟು ಮಾಡಬೇಕು. 16 ಪುಟದ ಒಂದು ಫಾರಂ (ಒಟ್ಟಿಗೆ ಅಚ್ಚಾಗುವ ದೊಡ್ಡ ಹಾಳೆ) ಎಂದರೆ ಎರಡೂ ಬದಿಗೆ ನಾಲ್ಕು ಬಣ್ಣದಂತೆ 8 ಪ್ಲೇಟು. ನೂರು ಪ್ರತಿ ಹಾಕಿದರೂ ಸಾವಿರ ಹಾಕಿದರೂ ಪ್ಲೇಟಿನ ಖರ್ಚು ಅಷ್ಟೇ, ಹಾಗಾಗಿ ಜಾಸ್ತಿ ಪ್ರತಿ ಹಾಕಿಸಿದೆ. ನಾನು ಆರಿಸಿದ್ದು ಮ್ಯಾಪ್‌ಲಿಥೋ, ಅಂದರೆ ಹೊಳಪಿನ ಲೇಪನವಿಲ್ಲದ ಕಾಗದ. ಅವರು ಪ್ರೂಫ್ ಕಳಿಸಿದ್ದು ಹೊಳಪಿನ ಕಾಗದದ ಮೇಲೆ, 'ಪುಸ್ತಕವೂ ಹೀಗೇ ಬರುತ್ತದೆ' ಅಂತ ಹೇಳಿ. ಮ್ಯಾಪ್‌ಲಿಥೋ ಶಾಯಿ ಹೀರಿಕೊಂಡಿತು. ಕಪ್ಪು ಹಳೇ ಕೊಡೆಯ ಬಟ್ಟೆಯಂತಾಯಿತು. ಕೇಳಿದರೆ, 'ಪ್ರೂಫಿಗೆ ನೀವೇ ಸಹಿ ಹಾಕಿದ್ದೀರಲ್ಲ ಸರ್' ಅಂದರು. ಒಂದು ರೂಪಾಯಿಯನ್ನೂ ಬಿಡಲಿಲ್ಲ.

ಆಮೇಲೂ ಅಲ್ಲಿಗೇ ಹೋಗುತ್ತಿದ್ದೇನೆ, ಅಂಥ ಬೈಂಡಿಂಗ್ ನನಗೆ ಬೇರೆ ಕಡೆ ಸಿಕ್ಕಿಲ್ಲ. ಆದರೆ ಈಗ ಬೇಕಾದ ಕಾಗದದ ಮೇಲೇ, ಅದೇ ಮಶೀನಿನಲ್ಲಿ ಒಂದು ಫಾರಂ ಒತ್ತಿ ತೋರಿಸಬೇಕು ಅಂತ ಆರ್ಡರಿನಲ್ಲೇ ಬರೆಸುತ್ತೇನೆ. ಅದಕ್ಕೂ ಬಿಲ್ ಹಾಕುತ್ತಾರೆ, ಅದೂ ಸಣ್ಣದಲ್ಲ. ಮದುವೆ ಆಲ್ಬಮ್ ಮಾಡಿಸುವವರಿಗೆ ಇದೆಲ್ಲ ಸುಮ್ನೆ ಖರ್ಚು. ಐದಕ್ಕೆ ಮೂರು ಸ್ಟಾರ್.