ಅರ್ಕೆಲ್ ಬಟಾಣಿಯಾ, ಅರ್ಕಾ ಅಜಿತ್ ಬಟಾಣಿಯಾ?

ಬೆಂಗಳೂರಿನ ಹಿತ್ತಲಿಗೆ ಬಟಾಣಿ ಹಾಕಬೇಕು ಅಂದರೆ ಈ ಎರಡು ತಳಿ ನೋಡಿ.

ಅರ್ಕೆಲ್ ಬೇಗ ಬರುತ್ತದೆ. ಅಕ್ಟೋಬರ್‌ನಲ್ಲಿ ಬಿತ್ತಿದರೆ 55–60 ದಿನಕ್ಕೆ ಕಾಯಿ ಬಿಡಿಸಬಹುದು. ಗಿಡ ಗಿಡ್ಡ, ನಾಲ್ಕು ಒಣ ಕಡ್ಡಿ ನೆಟ್ಟರೆ ಸಾಕು. ಕಾಳಂತೂ ಎಷ್ಟು ಸಿಹಿ! ಸಿಪ್ಪೆ ಸುಲಿಯುತ್ತಲೇ ಅರ್ಧ ಬಾಯಿಗೆ ಹೋಗುತ್ತದೆ.

ಇದಕ್ಕೆ ಕಾಟ ಬೂದಿ ರೋಗದ್ದು. ಮೊದಲು ಎಲೆಯ ಮೇಲೆ ಹಿಟ್ಟು ಉದುರಿದ ಹಾಗೆ ಒಂದೆರಡು ಬಿಳಿ ಚುಕ್ಕೆ. ಒರೆಸಿದರೆ ಬೆರಳಿಗೆ ಅಂಟುತ್ತದೆ. ಬಿಟ್ಟರೆ ಎಲೆ, ಕಾಂಡ, ಕಾಯಿ ಎಲ್ಲಕ್ಕೂ ಹಬ್ಬುತ್ತದೆ. ತಡವಾಗಿ ಬಿತ್ತಿದಷ್ಟೂ ಇದು ಜಾಸ್ತಿ.

ಅರ್ಕಾ ಅಜಿತ್ ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯದ್ದು. ಬೂದಿ ರೋಗ, ತುಕ್ಕು ರೋಗ ಎರಡನ್ನೂ ತಡೆದುಕೊಳ್ಳುತ್ತದೆ. ಬೆಳೆ ಮುಗಿಯಲು ಸುಮಾರು 90 ದಿನ ಬೇಕು, ಅಷ್ಟೇ.

ಔಷಧಿ ಹೊಡೆಯದೆ ಬೆಳೆಯುವ ಆಸೆ ಇದ್ದರೆ ನಾನು ಅಜಿತ್ ಅನ್ನೇ ಹೇಳುತ್ತೇನೆ. ಮನೆಯಲ್ಲಿ ಮಕ್ಕಳು ಕಾಯಿಗೆ ಕಾಯುತ್ತಿದ್ದಾರಾ? ಹಾಗಾದರೆ ಎರಡು ಕುಂಡದಲ್ಲಿ ಅರ್ಕೆಲ್ ಹಾಕಿ, ಆದರೆ ಅಕ್ಟೋಬರ್ ದಾಟಿಸಬೇಡಿ. ಯಾವುದೇ ಆದರೂ ಯೂರಿಯಾ ಸುರಿಯಬೇಡಿ. ಸುಮ್ನೆ ಸೊಪ್ಪು ಬೆಳೆಯುತ್ತದೆ, ಕಾಯಿ ಕಡಿಮೆಯಾಗುತ್ತದೆ.