ಬಳ್ಳಾರಿಯಲ್ಲಿ ಎಂಬಿಎ: ಶನಿವಾರದ ಕ್ಲಾಸಿಗೆ ಫುಲ್ ಮಾರ್ಕ್ಸ್, ಲ್ಯಾಬಿನ ಟೈಮಿಂಗಿಗೆ ಇಲ್ಲ

ಬಳ್ಳಾರಿಯ ಒಂದು ಖಾಸಗಿ ಕಾಲೇಜಿನಲ್ಲಿ ನನ್ನ ಎಂಬಿಎ ಮುಗಿಯುತ್ತಾ ಬಂದಿದೆ. ಕಾಲೇಜಿನ ಹೆಸರು ಇಲ್ಲಿ ಬೇಡ. ಸಿಲಬಸ್, ಫೀಸು, ಕಟ್ಟಡದ ಫೋಟೋ ನೀವು ಹೇಗೂ ನೋಡಿರುತ್ತೀರಿ. ನಾವು ಸೇರಿದ ವರ್ಷ ಹೊಸದಾಗಿ ಶುರುವಾದ ಎರಡರ ಬಗ್ಗೆ ಮಾತ್ರ ಬರೆಯುತ್ತೇನೆ: ಕಂಪ್ಯೂಟರ್ ಲ್ಯಾಬ್, ಶನಿವಾರದ ಕೇಸ್ ಕ್ಲಾಸ್ (ಒಂದು ನಿಜವಾದ ವ್ಯಾಪಾರದ ಸಮಸ್ಯೆ ಹಿಡಿದು ಚರ್ಚೆ ಮಾಡುವ ಕ್ಲಾಸ್).

ನನ್ನ ಪರಿಸ್ಥಿತಿ ಮೊದಲೇ ಹೇಳಿಬಿಡುತ್ತೇನೆ. ನಾನು ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಓಡಾಡುವವಳು. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ಖರ್ಚಿಲ್ಲ, ಆ ದುಡ್ಡಲ್ಲಿ ಬೆಳಿಗ್ಗೆ ಬಿಸಿ ವಗ್ಗಾಣಿ, ಜೊತೆಗೆ ಎರಡು ಮಿರ್ಚಿ. ಸ್ವಂತ ಲ್ಯಾಪ್‌ಟಾಪ್ ಇಲ್ಲ. ಹಾಗಾಗಿ ಲ್ಯಾಬ್ ಹೇಗಿದೆ ಅನ್ನೋದು ನನಗೆ ದೊಡ್ಡ ವಿಷಯ.

ಮೊದಲ ಸೆಮಿಸ್ಟರಿನಲ್ಲಿ ಲ್ಯಾಬ್ ನೋಡಿ ಬೇಜಾರೇ ಆಯಿತು. ಮಷೀನುಗಳು ಚೆನ್ನಾಗಿವೆ, ಎಸಿ ಇದೆ, ಯುಪಿಎಸ್ ಇದೆ. ಆದರೆ ಎಕ್ಸೆಲ್ ಪ್ರಾಕ್ಟಿಕಲ್ ಅಂದರೆ ಎಬಿಸಿ ಲಿಮಿಟೆಡ್, ಎಕ್ಸ್‌ವೈಜೆಡ್ ಲಿಮಿಟೆಡ್. ಕೊಟ್ಟ ಅಂಕಿ ಟೈಪ್ ಮಾಡು, ಉತ್ತರ ಬಂದರೆ ಸಹಿ ಹಾಕಿಸಿಕೋ, ಅಷ್ಟೇ. ಸಾಫ್ಟ್ ಸ್ಕಿಲ್ಸ್ ತರಬೇತಿಗೆ ಹೊರಗಿನಿಂದ ಬಂದವರು ಎಲ್ಲರಿಗೂ ಒಂದೇ ಇಂಗ್ಲಿಷ್ ಪರಿಚಯ ಬಾಯಿಪಾಠ ಮಾಡಿಸಿ ಹೋದರು. ಕನ್ನಡ ಮೀಡಿಯಂನಲ್ಲಿ ಓದಿ ಬಂದವರು ಆಮೇಲೆ ಕ್ಲಾಸಿನಲ್ಲಿ ಬಾಯಿ ಬಿಡುವುದೇ ನಿಂತಿತು.

ಶನಿವಾರದ ಕ್ಲಾಸ್ ಬಂದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಯು ಆಕಾರದಲ್ಲಿ ಕುರ್ಚಿ ಹಾಕಿದ ಒಂದು ಹೊಸ ರೂಮು. ಊರಿನ ಒಬ್ಬ ವ್ಯಾಪಾರಿ ಬಂದು ತಮ್ಮ ಒಂದು ಸಮಸ್ಯೆ ಹೇಳುತ್ತಾರೆ, ನಾವು ಪ್ರಶ್ನೆ ಕೇಳುತ್ತೇವೆ. ಯಾವ ಭಾಷೆಯಲ್ಲಾದರೂ ಕೇಳಬಹುದು. ಒಂದು ಶನಿವಾರ ಬಂದವರು ಜೀನ್ಸ್ ಹೊಲಿಸುವ ಒಬ್ಬ ಮಾಲೀಕರು. ಕೈಯಲ್ಲಿ ಒಂದು ಪ್ಯಾಂಟು, ಇನ್ನೊಂದು ಕೈಯಲ್ಲಿ ಕೆಂಪು ರಟ್ಟಿನ ಖಾತೆ ಪುಸ್ತಕ. ಪ್ಯಾಂಟನ್ನು ಟೇಬಲ್ ಮೇಲೆ ಹಾಸಿ, ಬಟ್ಟೆ, ಕಟಿಂಗ್, ಹೊಲಿಗೆ, ವಾಷಿಂಗ್, ಗುಂಡಿ, ಪ್ಯಾಕಿಂಗ್ ಅಂತ ಒಂದೊಂದರ ಖರ್ಚು ಹೇಳಿದರು. ಆಮೇಲೆ, "ಲಾಭ ಐತೆ, ಆದ್ರೆ ಕೈಯಾಗ ರೊಕ್ಕ ಇಲ್ಲ. ಯಾಕ ಅಂತ ನೀವೇ ಹೇಳ್ರಿ" ಅಂದರು.

ನಾವು ಖಾತೆ ಪುಸ್ತಕ ನೋಡಿ ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. ಬಟ್ಟೆ ಕೊಟ್ಟವರಿಗೆ 15 ದಿನಕ್ಕೆ ದುಡ್ಡು ಕೊಡಬೇಕು. ಬಟ್ಟೆ ಬಂದು ಪ್ಯಾಂಟಾಗಿ ಹೊರಡಲು 25 ದಿನ. ಮಾಲು ಉದ್ರಿ ಒಯ್ದ ಪಾರ್ಟಿ ದುಡ್ಡು ಕೊಡುವುದು 90 ದಿನಕ್ಕೆ. ಅಂದರೆ 25ಕ್ಕೆ 90 ಕೂಡಿಸಿ 15 ಕಳೆದರೆ, 100 ದಿನ ಅವರ ದುಡ್ಡು ಹೊರಗೇ ಇರುತ್ತದೆ. ತಿಂಗಳಿಗೊಂದು ಲಾಟ್ (ಒಂದು ಸಲಕ್ಕೆ ಕಳಿಸುವ ಮಾಲು), ಲಾಟಿಗೆ 4 ಲಕ್ಷ ಅಂತ ಇಟ್ಟುಕೊಂಡರೆ ಸುಮಾರು 13 ಲಕ್ಷ ರೂಪಾಯಿ! ಪಾರ್ಟಿ 45 ದಿನಕ್ಕೆ ಕೊಟ್ಟರೆ ಅದು 7 ಲಕ್ಷದ ಹತ್ತಿರಕ್ಕೆ ಇಳಿಯುತ್ತದೆ. ವರ್ಕಿಂಗ್ ಕ್ಯಾಪಿಟಲ್ (ದಿನದಿನದ ವ್ಯವಹಾರ ನಡೆಸಲು ಬೇಕಾದ ದುಡ್ಡು) ಪಾಠವನ್ನು ಪುಸ್ತಕದಲ್ಲಿ ಎಷ್ಟು ಸಲ ಓದಿದ್ದರೂ ನನಗೆ ತಲೆಗೆ ಹತ್ತಿದ್ದು ಅವತ್ತೇ.

ಆಗ ಹಿಂದಿನ ಸಾಲಿನಿಂದ ಸಿರಗುಪ್ಪದ ಹುಡುಗ ಕೈ ಎತ್ತಿದ. ಅಲ್ಲಿವರೆಗೆ ಅವನ ದನಿ ಕೇಳಿದವರೇ ಕಡಿಮೆ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆಯ ಪ್ರಕಾರ ಸಣ್ಣ ಘಟಕದ ಬಾಕಿಯನ್ನು ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕಲ್ವಾ, ಬರವಣಿಗೆಯ ಒಪ್ಪಂದ ಇಲ್ಲದಿದ್ದರೆ 15 ದಿನ ಅಷ್ಟೇ ಅಲ್ವಾ ಅಂದ. ಕ್ಲಾಸ್ ನಡೆಸುವ ಮೇಡಂ ಅದಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಕಲಂ ಸೇರಿಸಿದರು: ಗಡುವು ಮೀರಿದರೆ, ಕೊಳ್ಳುವವರು ಆ ಖರ್ಚನ್ನು ನಿಜವಾಗಿ ದುಡ್ಡು ಕೊಟ್ಟ ವರ್ಷವೇ ಲೆಕ್ಕಕ್ಕೆ ತೋರಿಸಬೇಕು. ಮಾಲೀಕರು ತಲೆ ಅಲ್ಲಾಡಿಸಿದರು. "ಕಾನೂನು ತೋರಿಸಿದ್ರೆ ಪಾರ್ಟಿ ಮುಂದಿನ ಲಾಟ್ ಪಕ್ಕದೋರಿಗೆ ಕೊಡ್ತಾರ್ರೀ." ಬೇಗ ಕೊಟ್ಟವರಿಗೆ ರಿಯಾಯಿತಿ ಕೊಟ್ಟರೆ ಹೇಗೆ, ಎಷ್ಟು ಕೊಟ್ಟರೆ ನಷ್ಟವಾಗಲ್ಲ ಅಂತ ಚರ್ಚೆ ಊಟದ ಹೊತ್ತು ದಾಟಿತು. ಯಾರೂ ಏಳಲಿಲ್ಲ.

ಆ ರಿಯಾಯಿತಿಯ ಲೆಕ್ಕಕ್ಕೆ ನಮಗೆ ಎಕ್ಸೆಲ್ ಬೇಕಾಯಿತು. ನೀರಸ ಅನ್ನಿಸಿದ್ದ ಲ್ಯಾಬಿನಲ್ಲಿ ಜಾಗ ಹಿಡಿಯಲು ಓಡುವ ಹಾಗಾಯಿತು. ನನ್ನ ಸಿಟ್ಟು ಇರುವುದು ಇಲ್ಲೇ. ಕ್ಲಾಸು ಮುಗಿಯುವುದು ನಾಲ್ಕಕ್ಕೆ, ಲ್ಯಾಬಿಗೆ ಬೀಗ ಬೀಳುವುದು ನಾಲ್ಕೂವರೆಗೆ. ಶೀಟ್ ತೆರೆದು ಅರ್ಧ ಲೆಕ್ಕ ಆಗುವಷ್ಟರಲ್ಲಿ ಅಟೆಂಡರ್ ಅಣ್ಣ ಬಾಗಿಲಲ್ಲಿ ನಿಂತಿರುತ್ತಾರೆ. ಅವರದೇನೂ ತಪ್ಪಿಲ್ಲ, ಅವರಿಗೂ ಮನೆ ಇದೆ. ಲ್ಯಾಪ್‌ಟಾಪ್ ಇರುವವರು ರಾತ್ರಿ ಮನೆಯಲ್ಲಿ ಮುಗಿಸುತ್ತಾರೆ. ನಾವು ಮೊಬೈಲಿನ ಸಣ್ಣ ಪರದೆಯಲ್ಲಿ ಕಾಲಂ ಹುಡುಕುತ್ತಾ ಬಸ್ಸಿನಲ್ಲಿ ಕೂತಿರುತ್ತೇವೆ. ಇಷ್ಟು ಖರ್ಚು ಮಾಡಿ ಲ್ಯಾಬ್ ಕಟ್ಟಿದವರಿಗೆ ಸಂಜೆ ಎರಡು ಗಂಟೆ ಒಬ್ಬರನ್ನು ಕೂರಿಸುವುದು ಕಷ್ಟವೇ? ಎಲ್ಲರೂ ಸಹಿ ಹಾಕಿ ಅರ್ಜಿ ಕೊಟ್ಟ ಮೇಲೆ ಶನಿವಾರ ಮಾತ್ರ ಆರರವರೆಗೆ ತೆಗೆದಿಡುತ್ತಿದ್ದಾರೆ. ಉಳಿದ ದಿನ ಅದೇ ಕಥೆ.

ಶನಿವಾರದ ಕ್ಲಾಸಿಗೆ ಐದಕ್ಕೆ ಐದು, ಲ್ಯಾಬಿಗೆ ಎರಡೂವರೆ. ಪಿಜಿಸಿಇಟಿ (ಎಂಬಿಎಯಂಥ ಕೋರ್ಸುಗಳ ಪ್ರವೇಶ ಪರೀಕ್ಷೆ) ಬರೆದು ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಹಾಕಲು, ಕೂತಿರುವವರು ಈ ಭಾಗದ ಯಾವ ಕಾಲೇಜನ್ನು ಹಾಕುವ ಮುಂಚೆಯೂ ಒಂದು ಸಲ ಸಂಜೆ ಐದು ಗಂಟೆಗೆ ಹೋಗಿ ನೋಡಿ. ಲ್ಯಾಬ್, ಲೈಬ್ರರಿ ತೆರೆದಿವೆಯಾ, ಒಳಗೆ ಹುಡುಗರು ಕೂತಿದ್ದಾರಾ ಅಂತ. ನಿಮ್ಮೂರಿನ ಕೊನೆ ಬಸ್ಸು ಎಷ್ಟಕ್ಕೆ ಅನ್ನೋದನ್ನೂ ಬಸ್ ಸ್ಟ್ಯಾಂಡಿನಲ್ಲಿ ಕೇಳಿಕೊಂಡು ಬನ್ನಿ.